ಗೋಡೆ ವಾಲಿದೆಯೇ? ದಾರವನ್ನು ಕೇಳಿ



ಮಳೆಗಾಲ ಬಂತು ಅಂದರೆ ಮುಗದದಂಥ ಊರಿನಲ್ಲಿ ಮನೆಯ ಗೋಡೆಯದೇ ಒಂದು ಚಿಂತೆ. ಧಾರವಾಡದಿಂದ ಅಳ್ನಾವರದ ಕಡೆಗೆ ಹೋಗುವ ರೈಲು ದಾರಿಯಲ್ಲಿ ಮುಗದ ಇದೆ. ಇಲ್ಲಿ ದೊಡ್ಡ ಕೆರೆ ಇದೆ. ಭತ್ತದ ಗದ್ದೆಗಳಿವೆ. ಬಯಲು ಸೀಮೆಗಿಂತ ಇಲ್ಲಿ ಮಳೆ ಹೆಚ್ಚು. ಭತ್ತಕ್ಕೆ ಮಳೆ ಬೇಕು. ಆದರೆ ಮಣ್ಣಿನ ಗೋಡೆಗೆ ಮಳೆ ಆಗುವುದಿಲ್ಲ.

2019ರ ಆಗಸ್ಟ್ ತಿಂಗಳ ಮಳೆ ನಿಮಗೆ ನೆನಪಿರಬಹುದು. ಆಗ ಧಾರವಾಡ ಜಿಲ್ಲೆಯ ಊರೂರಿನಲ್ಲಿ ಮಣ್ಣಿನ ಗೋಡೆಗಳು ಬಿದ್ದವು. ಗೋಡೆ ಬಿದ್ದರೆ ಮನೆ ಹೋಗುತ್ತದೆ. ಅಷ್ಟೇ ಅಲ್ಲ, ಗೋಡೆಯ ಬದಿಗೆ ಮಲಗಿದ ಮಗು, ಮುದುಕಿ, ಕಟ್ಟಿದ ಎಮ್ಮೆ, ಎಲ್ಲರ ಜೀವಕ್ಕೂ ಅಪಾಯ.

ಬೀಳುವ ಗೋಡೆ ಬಹಳ ಸಲ ಮೊದಲು ವಾಲುತ್ತದೆ. ಅಂದರೆ ಒಂದು ಬದಿಗೆ ಬಾಗುತ್ತದೆ. ಅದನ್ನು ಮೊದಲೇ ಗುರುತಿಸಿದರೆ ಜೀವ ಉಳಿಸಿಕೊಳ್ಳಬಹುದು. ಗುರುತಿಸುವುದು ಹ್ಯಾಂಗ? ಅದನ್ನೇ ಈ ಪಾಠದಲ್ಲಿ ತಿಳಿಯೋಣ. ಒಂದು ದಾರ, ಒಂದು ಕಲ್ಲು, ಅಳೆಯಲು ಒಂದು ಟೇಪು ಸಾಕು. ಮೊಬೈಲ್ ಫೋನಿನೊಳಗೂ ವಾಲುವುದನ್ನು ಅರಿಯುವ ಒಂದು ಸಣ್ಣ ಯಂತ್ರ ಇದೆ. ಅದರ ವಿಷಯವನ್ನೂ ತಿಳಿಯೋಣ.

ಕಣ್ಣನ್ನು ನಂಬಬೇಡಿ

"ಕಣ್ಣಿಲೆ ನೋಡಿದ್ರ ಗೊತ್ತಾಗೂದಿಲ್ಲೇನ್ರಿ?" ಎಂದು ನೀವು ಕೇಳಬಹುದು. ಬಹಳ ವಾಲಿದ್ದರೆ ಗೊತ್ತಾಗುತ್ತದೆ. ಸ್ವಲ್ಪ ವಾಲಿದ್ದರೆ ಗೊತ್ತಾಗುವುದಿಲ್ಲ. ಅದಕ್ಕೆ ಎರಡು ಕಾರಣ.

ಮೊದಲನೆಯದು, ನಮ್ಮ ಕಣ್ಣು ಒಂದನ್ನು ಇನ್ನೊಂದಕ್ಕೆ ಹೋಲಿಸಿ ನೋಡುತ್ತದೆ. ಬಾಗಿಲಿನ ಚೌಕಟ್ಟು ಗೋಡೆಯ ಜೊತೆಗೇ ವಾಲಿದರೆ ಎರಡೂ ನೆಟ್ಟಗೆ ಇದ್ದ ಹಾಗೆ ಕಾಣುತ್ತವೆ.

ಎರಡನೆಯದು, ದಿನಾ ನೋಡುವ ವಸ್ತು ನಿಧಾನಕ್ಕೆ ಬದಲಾದರೆ ನಮಗೆ ತಿಳಿಯುವುದಿಲ್ಲ. ಮನೆಯ ಮಗು ಬೆಳೆದದ್ದು ನಮಗಿಂತ ಮೊದಲು ಬೀಗರಿಗೆ ಗೊತ್ತಾಗುತ್ತದೆ, ಅಲ್ಲವೇ? ಗೋಡೆಯದೂ ಹಾಗೆಯೇ.

ಅದಕ್ಕೇ ಅಳೆಯಬೇಕು. ಅಳೆದದ್ದನ್ನು ಬರೆದಿಡಬೇಕು.

ನೆಟ್ಟಗೆ ಅಂದರೆ ಏನು?

ಕೈಯಲ್ಲಿರುವ ಕಲ್ಲನ್ನು ಬಿಡಿ. ಅದು ಕೆಳಗೆ ಬೀಳುತ್ತದೆ. ಭೂಮಿ ಎಲ್ಲ ವಸ್ತುಗಳನ್ನೂ ತನ್ನ ಕಡೆಗೆ ಎಳೆಯುತ್ತದೆ. ಈ ಸೆಳೆತಕ್ಕೆ ಗುರುತ್ವಾಕರ್ಷಣೆ ಎಂದು ಹೆಸರು.

ಅದೇ ಕಲ್ಲನ್ನು ದಾರಕ್ಕೆ ಕಟ್ಟಿ ತೂಗಬಿಡಿ. ಸ್ವಲ್ಪ ಹೊತ್ತು ಅಲುಗಾಡುತ್ತದೆ. ಆಮೇಲೆ ನಿಲ್ಲುತ್ತದೆ. ಆಗ ದಾರ ಭೂಮಿ ಎಳೆಯುವ ದಾರಿಯನ್ನೇ ತೋರಿಸುತ್ತದೆ. ಅದೇ ನೆಟ್ಟಗಿನ ಗೆರೆ. ಗೌಂಡಿಗಳು ಗೋಡೆ ಕಟ್ಟುವಾಗ ದಾರದ ತುದಿಗೆ ಗುಂಡು ಕಟ್ಟಿ ಇಳಿಬಿಡುತ್ತಾರೆ. ಅದು ಇದಕ್ಕಾಗಿಯೇ. ಮನೆ ವಾಲಿದರೂ ದಾರ ವಾಲುವುದಿಲ್ಲ. ಹಾಗಾಗಿ ದಾರ ಒಳ್ಳೆಯ ಸಾಕ್ಷಿ.

ನೀರೂ ಇಂಥದೇ ಸಾಕ್ಷಿ. ದಾರ ನೆಟ್ಟಗಿನ ಗೆರೆ ತೋರಿಸುತ್ತದೆ, ನಿಂತ ನೀರು ಸಮತಟ್ಟು ತೋರಿಸುತ್ತದೆ. ಭತ್ತದ ಗದ್ದೆ ಸಮ ಇಲ್ಲದಿದ್ದರೆ ನೀರು ಒಂದು ಬದಿಗೆ ನಿಲ್ಲುತ್ತದೆ, ಇನ್ನೊಂದು ಬದಿ ಒಣಗುತ್ತದೆ. ಇದು ಗದ್ದೆಯಲ್ಲಿ ದುಡಿಯುವ ನಿಮಗೆ ಚೆನ್ನಾಗಿ ಗೊತ್ತು. ಗೌಂಡಿಯ ಹತ್ತಿರ ಇರುವ ರಸಮಟ್ಟದಲ್ಲೂ ಇದೇ ಉಪಾಯ ಇದೆ. ಗಾಜಿನ ಕೊಳವೆಯೊಳಗೆ ರಸ, ಅದರಲ್ಲಿ ಒಂದು ಗುಳ್ಳೆ. ಗುಳ್ಳೆ ನಡುವೆ ನಿಂತರೆ ಸಮ. ಬದಿಗೆ ಸರಿದರೆ ಓರೆ.

ಗೋಡೆಯನ್ನು ಅಳೆಯುವ ರೀತಿ

ಮಳೆ ಶುರುವಾಗುವ ಮೊದಲು, ಗೋಡೆ ಒಣಗಿ ಗಟ್ಟಿ ಇರುವಾಗ ಈ ಕೆಲಸ ಶುರು ಮಾಡಿ. ಇಬ್ಬರು ಇರಿ. ಒಬ್ಬರು ಏಣಿ ಹಿಡಿಯಲಿ.

1. ಗೋಡೆಯ ಮೇಲ್ಭಾಗದಲ್ಲಿ ಒಂದು ಗಟ್ಟಿ ಕೋಲನ್ನು ಅಲುಗಾಡದ ಹಾಗೆ ಸಿಕ್ಕಿಸಿ. ಅದು ಗೋಡೆಯಿಂದ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಹೊರಗೆ ಬಂದಿರಲಿ.

2. ಗೋಡೆಯಿಂದ ಸರಿಯಾಗಿ 20 ಸೆಂಟಿಮೀಟರ್ ದೂರದಲ್ಲಿ ಕೋಲಿಗೆ ದಾರ ಕಟ್ಟಿ. ಆ ಜಾಗದಲ್ಲಿ ಕೋಲಿಗೆ ಒಂದು ಗುರುತು ಮಾಡಿ. ಪ್ರತಿ ಸಲ ಅಲ್ಲೇ ಕಟ್ಟಬೇಕು.

3. ದಾರದ ಕೆಳಗಿನ ತುದಿಗೆ ಕಲ್ಲು ಕಟ್ಟಿ. ಕಲ್ಲು ನೆಲಕ್ಕೆ ತಾಗಬಾರದು.

4. ಗಾಳಿಗೆ ದಾರ ಅಲುಗಾಡುತ್ತಿದ್ದರೆ ಒಂದು ತಂಬಿಗೆಯಲ್ಲಿ ನೀರು ತುಂಬಿ, ಕಲ್ಲನ್ನು ನೀರಿನಲ್ಲಿ ಮುಳುಗಿಸಿ. ಕಲ್ಲು ತಂಬಿಗೆಯ ಬದಿಗೆ ತಾಗದಿರಲಿ. ನೀರು ಅಲುಗಾಟವನ್ನು ಬೇಗ ನಿಲ್ಲಿಸುತ್ತದೆ.

5. ಕೆಳಗೆ, ಮೊಣಕಾಲಿನ ಮಟ್ಟದಲ್ಲಿ, ಗೋಡೆಯಿಂದ ದಾರಕ್ಕೆ ಎಷ್ಟು ದೂರ ಇದೆ ಎಂದು ಅಳೆಯಿರಿ. ಅಳೆದ ಜಾಗಕ್ಕೂ ಗೋಡೆಯ ಮೇಲೆ ಒಂದು ಗುರುತು ಹಾಕಿ.

ಕೆಳಗೂ 20 ಬಂದರೆ ಮೇಲೆ ಮತ್ತು ಕೆಳಗೆ ದೂರ ಒಂದೇ. ಗೋಡೆ ನೆಟ್ಟಗಿದೆ.

ಕೆಳಗೆ 20ಕ್ಕಿಂತ ಹೆಚ್ಚು ಬಂದರೆ ಗೋಡೆಯ ತಲೆ ನಿಮ್ಮ ಕಡೆಗೆ ಬಾಗಿದೆ.

ಕೆಳಗೆ 20ಕ್ಕಿಂತ ಕಡಿಮೆ ಬಂದರೆ ಗೋಡೆಯ ತಲೆ ಆ ಕಡೆಗೆ ಬಾಗಿದೆ.

ಇನ್ನೊಂದು ಮಾತು. ಕೆಲವು ಗೋಡೆಗಳ ತಲೆ ಬಾಗುವುದಿಲ್ಲ, ನಡುವೆ ಹೊಟ್ಟೆ ಬರುತ್ತದೆ. ಆದ್ದರಿಂದ ನಡುವೆಯೂ ಒಂದು ಸಲ ಅಳೆದು ನೋಡಿ.

ಒಂದು ಸಲ ಅಳೆದರೆ ಸಾಲದು

ಮಣ್ಣಿನ ಗೋಡೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಕೆಳಗೆ ದಪ್ಪ, ಮೇಲೆ ತೆಳ್ಳಗೆ ಇರಬಹುದು. ಸಾರಿಸಿದ್ದು ಹೆಚ್ಚು ಕಡಿಮೆ ಆಗಿರಬಹುದು. ಹೀಗಾಗಿ ಮೊದಲ ಸಲವೇ 20ರ ಬದಲು 21 ಬಂದರೆ ಗಾಬರಿ ಬೇಡ. ಅದು ಗೋಡೆಯ ಹುಟ್ಟು ಗುಣ ಇರಬಹುದು.

ಮೊದಲ ಅಳತೆ ಬರೀ ಗುರುತು. ಆಮೇಲೆ ಅದು ಬದಲಾಯಿತೇ ಇಲ್ಲವೇ ಎನ್ನುವುದೇ ನಿಜವಾದ ಸುದ್ದಿ.

ಒಂದು ಮನೆ ಇದೆ ಎಂದು ತಿಳಿಯಿರಿ. ಆ ಮನೆಯ ಸೊಸೆ ಈಗಷ್ಟೇ ಓದು ಬರಹ ಕಲಿತಿದ್ದಾಳೆ. ಮಗನ ಹಳೇ ನೋಟುಬುಕ್ಕಿನಲ್ಲಿ ಅವಳು ಹೀಗೆ ಬರೆದಿದ್ದಾಳೆ:

ಜೂನ್ 1: ಮೇಲೆ 20, ಕೆಳಗೆ 21
ಜೂನ್ 15: ಮೇಲೆ 20, ಕೆಳಗೆ 21
ಜುಲೈ 1: ಮೇಲೆ 20, ಕೆಳಗೆ 22
ಜುಲೈ 8: ಮೇಲೆ 20, ಕೆಳಗೆ 24

"ಅತ್ತೀ, ಇಲ್ಲೆ ನೋಡ್ರಿ. ಗ್ವಾಡಿ ಸರಿಯಾಕ ಹತ್ತೇತಿ."

"ಏನ್ ಹುಚ್ಚೀಯವ್ವಾ, ಗ್ವಾಡಿ ಇದ್ಧಾಂಗ ಐತಿ. ನಾ ಈ ಮನೀಗೆ ಬಂದಾಗಿಂದ ನೋಡ್ಲಿಕ್ಕೆ ಹತ್ತೇನಿ."

"ಕಣ್ಣಿಗೆ ಕಾಣೂದಿಲ್ಲರಿ. ಜೂನ್ ತಿಂಗಳದಾಗ ಇಪ್ಪತ್ತೊಂದು ಇತ್ತು. ಈಗ ಇಪ್ಪತ್ನಾಕು ಆಗೇತಿ. ಮೊದಲ ಹದಿನೈದು ದಿನ ಏನೂ ಸರಿದಿಲ್ಲ. ಆಮ್ಯಾಲ ಹದಿನಾರು ದಿನಕ್ಕ ಒಂದು ಸೆಂಟಿಮೀಟರ್ ಸರೀತು. ಈಗ ಬರೀ ಏಳು ದಿನಕ್ಕ ಎರಡು ಸರದೈತಿ."

"ಹಂಗಾರ ಜೋರು ಆಗೇತಿ ಅನ್ನು."

"ಹೌದ್ರಿ. ಇವತ್ತು ರಾತ್ರಿ ಆ ಗ್ವಾಡಿ ಬಾಜೂ ಯಾರೂ ಮಲಗೂದು ಬ್ಯಾಡ್ರಿ."

"ಎಮ್ಮಿನೂ ಈಚೆ ಕಡೆ ಕಟ್ಟು ಮತ್ತ."

ಸೊಸೆ ಹೇಳಿದ ಲೆಕ್ಕ ನೋಡಿದಿರಾ? ಎಷ್ಟು ವಾಲಿದೆ ಎನ್ನುವುದು ಒಂದು ಮಾತು. ಎಷ್ಟು ಬೇಗ ವಾಲುತ್ತಿದೆ ಎನ್ನುವುದು ಅದಕ್ಕಿಂತ ದೊಡ್ಡ ಮಾತು.

ವಾಲಿದ ಗೋಡೆ ಮತ್ತೆ ಯಾಕೆ ವಾಲುತ್ತದೆ?

ತಲೆಯ ಮೇಲೆ ನೀರಿನ ಕೊಡ ಹೊತ್ತಾಗ ಕೊಡ ನೆಟ್ಟಗಿದ್ದರೆ ಅದರ ಭಾರ ನೇರವಾಗಿ ಕಾಲಿಗೆ ಇಳಿಯುತ್ತದೆ. ಕೊಡ ಸ್ವಲ್ಪ ಓರೆಯಾದರೆ ಭಾರ ಒಂದು ಬದಿಗೆ ಎಳೆಯುತ್ತದೆ. ಕೈ ಕೊಟ್ಟು ಹಿಡಿಯದಿದ್ದರೆ ಇನ್ನೂ ಓರೆಯಾಗಿ ಬೀಳುತ್ತದೆ.

ಗೋಡೆಗೂ ಹೀಗೇ ಆಗುತ್ತದೆ. ನೆಟ್ಟಗಿದ್ದಾಗ ಗೋಡೆಯ ಭಾರ ಬುನಾದಿಯ ನಡುವೆ ಇಳಿಯುತ್ತದೆ. ವಾಲಿದಾಗ ಭಾರ ಒಂದು ಅಂಚಿನ ಮೇಲೆ ಬೀಳುತ್ತದೆ. ಆ ಅಂಚಿನ ಮಣ್ಣು ಮಳೆ ನೀರು ಕುಡಿದು ಮೆತ್ತಗಾಗಿದ್ದರೆ ಅದು ಕುಸಿಯುತ್ತದೆ. ಗೋಡೆ ಇನ್ನಷ್ಟು ವಾಲುತ್ತದೆ. ಆಗ ಅಂಚಿನ ಮೇಲೆ ಇನ್ನಷ್ಟು ಭಾರ. ಹೀಗೆ ನಿಧಾನಕ್ಕೆ ಶುರುವಾದದ್ದು ಕೊನೆಗೆ ಒಮ್ಮೆಲೇ ಮುಗಿಯುತ್ತದೆ.

ಗೋಡೆಯ ಬುಡದಲ್ಲಿ ನೀರು ನಿಲ್ಲಬಾರದು ಎನ್ನುವುದು ಇದಕ್ಕೇ. ಹಂಚಿನಿಂದ ಇಳಿಯುವ ನೀರು ಗೋಡೆಯ ಬುಡಕ್ಕೆ ಬೀಳದೆ ದೂರ ಹರಿದು ಹೋಗುವಂತೆ ಕಾಲುವೆ ಮಾಡಿ.

ಡಿಗ್ರಿ ಅಂದರೇನು?

ಸೆಂಟಿಮೀಟರ್‌ನಲ್ಲಿ ಹೇಳಿದ್ದನ್ನು ಡಿಗ್ರಿಯಲ್ಲೂ ಹೇಳಬಹುದು. ಡಿಗ್ರಿ ಅಂದರೆ ಓರೆಯನ್ನು ಅಳೆಯುವ ಲೆಕ್ಕ. ಗೋಡೆಯ ಗಡಿಯಾರ ನೋಡಿ. 12ರಿಂದ 3ರವರೆಗೆ ಮುಳ್ಳು ತಿರುಗಿದರೆ ಅದು 90 ಡಿಗ್ರಿ. ಒಂದು ನಿಮಿಷದ ಗೆರೆಯಿಂದ ಮುಂದಿನ ಗೆರೆಗೆ 6 ಡಿಗ್ರಿ. ಅದರಲ್ಲಿ ಆರನೇ ಒಂದು ಪಾಲು 1 ಡಿಗ್ರಿ. ನೋಡಲು ಎಷ್ಟು ಸಣ್ಣದು!

ಆದರೆ 240 ಸೆಂಟಿಮೀಟರ್, ಅಂದರೆ ಸುಮಾರು 8 ಅಡಿ ಎತ್ತರದ ಗೋಡೆ 1 ಡಿಗ್ರಿ ವಾಲಿದರೆ ಅದರ ತಲೆ ಸುಮಾರು 4 ಸೆಂಟಿಮೀಟರ್ ಹೊರಗೆ ಬಂದಿರುತ್ತದೆ. ಎತ್ತರ ಹೆಚ್ಚಾದಷ್ಟೂ ಈ ದೂರ ಹೆಚ್ಚುತ್ತದೆ.

ಫೋನಿನೊಳಗಿನ ಕಲ್ಲು

ದೊಡ್ಡ ಪರದೆಯ ಮೊಬೈಲ್ ಫೋನನ್ನು ಅಡ್ಡ ಹಿಡಿದರೆ ಅದರೊಳಗಿನ ಚಿತ್ರವೂ ಅಡ್ಡ ತಿರುಗುತ್ತದೆ. ನೀವು ಇದನ್ನು ನೋಡಿರಬಹುದು. ತನ್ನನ್ನು ಅಡ್ಡ ಹಿಡಿದದ್ದು ಫೋನಿಗೆ ಹ್ಯಾಂಗ ಗೊತ್ತಾಯಿತು?

ಅದರೊಳಗೆ ಒಂದು ಸೆನ್ಸರ್ ಇದೆ. ಸೆನ್ಸರ್ ಅಂದರೆ ಅರಿತು ತಿಳಿಸುವ ಸಾಧನ. ಈ ಸೆನ್ಸರಿಗೆ ಆಕ್ಸಿಲರೋಮೀಟರ್ ಎಂದು ಹೆಸರು. ಹೆಸರು ಉದ್ದ, ವಸ್ತು ಗಿಡ್ಡ. ಅದು ಒಂದು ಅಕ್ಕಿ ಕಾಳಿನಷ್ಟೂ ಉದ್ದ ಇರುವುದಿಲ್ಲ.

ಅದರೊಳಗೆ ಸಿಲಿಕಾನ್ ಎಂಬ ವಸ್ತುವಿನ ಒಂದು ಸಣ್ಣ ತುಣುಕು ಇದೆ. ಸಿಲಿಕಾನ್ ಉಸುಕಿನಿಂದ ತೆಗೆಯುವ ವಸ್ತು. ಆ ತುಣುಕನ್ನು ಕೂದಲಿಗಿಂತ ತೆಳುವಾದ ಸ್ಪ್ರಿಂಗುಗಳು ಹಿಡಿದಿವೆ. ತೊಟ್ಟಿಲನ್ನು ಹಗ್ಗ ಹಿಡಿದ ಹಾಗೆ. ಫೋನು ಓರೆಯಾದಾಗ ಭೂಮಿ ಆ ತುಣುಕನ್ನು ಎಳೆಯುತ್ತದೆ. ತುಣುಕು ಅತೀ ಸಣ್ಣಗೆ ಸರಿಯುತ್ತದೆ.

ತುಣುಕಿಗೆ ಬಾಚಣಿಗೆಯ ಹಾಗೆ ಹಲ್ಲುಗಳಿವೆ. ಎದುರಿಗೆ ಇನ್ನೊಂದು ಬಾಚಣಿಗೆ ಕದಲದೆ ನಿಂತಿದೆ. ಒಂದರ ಹಲ್ಲುಗಳ ನಡುವೆ ಇನ್ನೊಂದರ ಹಲ್ಲು, ತಾಗದ ಹಾಗೆ. ತುಣುಕು ಸರಿದಾಗ ಹಲ್ಲುಗಳ ನಡುವಿನ ಸಂದು ಹೆಚ್ಚು ಕಡಿಮೆ ಆಗುತ್ತದೆ. ಆ ಬದಲಾವಣೆಯನ್ನು ವಿದ್ಯುತ್ತಿನಿಂದ ಅಳೆಯುತ್ತಾರೆ.

ನೀವು ಗೋಡೆಗೆ ಕಟ್ಟಿದ ಕಲ್ಲಿನ ಕೆಲಸ ನೆನಪಿಸಿಕೊಳ್ಳಿ. ಅಲ್ಲಿ ದಾರ ಮತ್ತು ಗೋಡೆಯ ನಡುವಿನ ಸಂದನ್ನು ನೀವು ಟೇಪಿನಿಂದ ಅಳೆದಿರಿ. ಇಲ್ಲಿ ಹಲ್ಲುಗಳ ಸಂದನ್ನು ವಿದ್ಯುತ್ತು ಅಳೆಯುತ್ತದೆ. ಎರಡೂ ಕಡೆ ಸಾಕ್ಷಿ ಭೂಮಿಯ ಸೆಳೆತವೇ.

ಫೋನಿನೊಳಗೆ ಹೀಗೆ ಮೂರು ದಿಕ್ಕಿಗೆ ಅಳೆಯುವ ಏರ್ಪಾಡು ಇದೆ: ಉದ್ದಕ್ಕೆ, ಅಗಲಕ್ಕೆ, ದಪ್ಪಕ್ಕೆ. ಫೋನನ್ನು ನೆಲದ ಮೇಲೆ ಮಲಗಿಸಿದರೆ ಸೆಳೆತ ಪೂರ್ತಿ ದಪ್ಪದ ದಿಕ್ಕಿಗೆ. ಉದ್ದದ ದಿಕ್ಕಿಗೆ ಏನೂ ಇಲ್ಲ. ಒಂದು ತುದಿ ಎತ್ತಿ 30 ಡಿಗ್ರಿ ಓರೆ ಮಾಡಿದರೆ ಉದ್ದದ ದಿಕ್ಕಿಗೆ ಸರಿಯಾಗಿ ಅರ್ಧ ಸೆಳೆತ ಬರುತ್ತದೆ. ನೆಟ್ಟಗೆ ನಿಲ್ಲಿಸಿದರೆ ಪೂರ್ತಿ ಸೆಳೆತ ಉದ್ದಕ್ಕೆ. ಯಾವ ದಿಕ್ಕಿಗೆ ಎಷ್ಟು ಬಂತು ಎಂದು ನೋಡಿ, ಫೋನು ಎಷ್ಟು ಡಿಗ್ರಿ ಓರೆಯಾಗಿದೆ ಎಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕವನ್ನು ಫೋನೇ ಮಾಡುತ್ತದೆ.

ಈ ಸೆನ್ಸರಿಗೂ ಕುಂದು ಇದೆ

ಬಸ್ಸಿನಲ್ಲಿ ನಿಂತಿದ್ದೀರಿ. ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದ. ನೀವು ಮುಂದಕ್ಕೆ ಮುಗ್ಗರಿಸುತ್ತೀರಿ. ರಸ್ತೆ ಇಳಿಜಾರು ಆದ ಹಾಗೆ ಅನಿಸುತ್ತದೆ. ರಸ್ತೆ ಸಮನೇ ಇದೆ, ಓಟ ಬದಲಾಗಿದೆ.

ಫೋನಿನೊಳಗಿನ ತುಣುಕಿಗೂ ಹೀಗೇ ಆಗುತ್ತದೆ. ಓರೆಯಾದಾಗಲೂ ಅದು ಸರಿಯುತ್ತದೆ, ಜಗ್ಗಿದಾಗಲೂ ಸರಿಯುತ್ತದೆ. ಯಾವುದು ಓರೆ, ಯಾವುದು ಜಗ್ಗಾಟ ಎಂದು ಅದೊಂದರಿಂದಲೇ ತಿಳಿಯದು. ಆದ್ದರಿಂದ ಅಳೆಯುವಾಗ ಫೋನು ಕದಲದೆ ಇರಬೇಕು.

ಓಡಾಡುವ ವಸ್ತುವಿನ ಓರೆ ಅಳೆಯಲು ಇನ್ನೊಂದು ಸೆನ್ಸರಿನ ಸಹಾಯ ತಗೊಳ್ಳುತ್ತಾರೆ. ಅದರ ಹೆಸರು ಗೈರೋಸ್ಕೋಪ್. ವಸ್ತು ಎಷ್ಟು ಬೇಗ ತಿರುಗುತ್ತಿದೆ ಎಂದು ಅದು ಹೇಳುತ್ತದೆ. ಜಗ್ಗಾಟಕ್ಕೆ ಅದು ಅಷ್ಟಾಗಿ ಮೋಸ ಹೋಗುವುದಿಲ್ಲ. ಆದರೆ ಅದರ ಲೆಕ್ಕದಲ್ಲಿ ಚೂರು ಚೂರು ತಪ್ಪು ಸೇರುತ್ತಾ ಹೋಗುತ್ತದೆ. ಹೊತ್ತು ಕಳೆದಂತೆ ತಪ್ಪು ದೊಡ್ಡದಾಗುತ್ತದೆ.

ಪಂಚಾಯತಿಗೆ ಇಬ್ಬರು ಸಾಕ್ಷಿ ಬಂದಿದ್ದಾರೆ ಎಂದುಕೊಳ್ಳಿ. ಒಬ್ಬಾಕೆ ಗದ್ದಲ ಆದರೆ ಗಾಬರಿ ಬೀಳುತ್ತಾಳೆ, ಆದರೆ ಹಳೆಯದನ್ನು ಮರೆಯುವುದಿಲ್ಲ. ಇನ್ನೊಬ್ಬಾಕೆ ಗದ್ದಲಕ್ಕೆ ಅಂಜುವುದಿಲ್ಲ, ಆದರೆ ಆಕೆಗೆ ಮರೆವು. ಜಾಣ ಹಿರಿಯರು ಇಬ್ಬರ ಮಾತನ್ನೂ ಕೂಡಿಸಿ ನಿಜ ತಿಳಿಯುತ್ತಾರೆ. ಯಂತ್ರಗಳೂ ಹಾಗೇ ಎರಡು ಸೆನ್ಸರಿನ ಮಾತನ್ನು ಕೂಡಿಸುತ್ತವೆ.

ಇನ್ನೊಂದು ಕುಂದು ಕೇಳಿ. ನೆಲದ ಮೇಲಿಟ್ಟ ಕೊಡವನ್ನು ನಿಂತಲ್ಲೇ ತಿರುಗಿಸಿ. ಅದು ವಾಲಲಿಲ್ಲ, ಬರೀ ಮುಖ ತಿರುಗಿಸಿತು. ಭೂಮಿಯ ಸೆಳೆತ ಮೊದಲಿನ ಹಾಗೇ ಇದೆ. ಆದ್ದರಿಂದ ಈ ತಿರುಗುವಿಕೆ ಆಕ್ಸಿಲರೋಮೀಟರಿಗೆ ತಿಳಿಯುವುದಿಲ್ಲ.

ಫೋನಿನಿಂದ ಗೋಡೆ ಅಳೆಯಬಹುದೇ?

ಕೆಲವು ಫೋನುಗಳಲ್ಲಿ ಓರೆಯನ್ನು ಡಿಗ್ರಿಯಲ್ಲಿ ತೋರಿಸುವ ಸೌಲಭ್ಯ ಇದೆ. ಅದನ್ನು ಲೆವೆಲ್ ಎನ್ನುತ್ತಾರೆ. ಮಕ್ಕಳಿಗೆ ಕೇಳಿದರೆ ತೆಗೆದು ತೋರಿಸುತ್ತಾರೆ. ಹಲಗೆ, ಮಂಚ, ಮೇಜು ಸಮ ಇದೆಯೇ ಎಂದು ನೋಡಲು ಅದು ಚೆನ್ನಾಗಿದೆ.

ಫೋನು ಸರಿ ಹೇಳುತ್ತಿದೆಯೇ ಎಂದು ಪರೀಕ್ಷೆ ಮಾಡುವ ಉಪಾಯವೂ ಇದೆ. ಹಲಗೆಯ ಮೇಲೆ ಫೋನನ್ನಿಟ್ಟು ಓದಿ. 3 ಡಿಗ್ರಿ ಬಂತು ಅನ್ನಿ. ಈಗ ಅದೇ ಜಾಗದಲ್ಲಿ ಫೋನಿನ ತಲೆ ಇದ್ದ ಕಡೆ ಬುಡ ಬರುವಂತೆ ತಿರುಗಿಸಿ ಇಡಿ. ಅದೇ ಬದಿ ತಗ್ಗು ಎಂದು ತೋರಿಸಿ 1 ಡಿಗ್ರಿ ಬಂತು ಅನ್ನಿ. ಎರಡನ್ನೂ ಕೂಡಿಸಿ: 4. ಅರ್ಧ ಮಾಡಿ: 2. ಹಲಗೆಯ ನಿಜವಾದ ಓರೆ 2 ಡಿಗ್ರಿ. ಫೋನಿನ ತಪ್ಪು 1 ಡಿಗ್ರಿ.

ಎತ್ತರದ ಗೋಡೆಗೆ ಮಾತ್ರ ಫೋನಿಗಿಂತ ದಾರವೇ ಮೇಲು. ಯಾಕೆ? ಫೋನು 1 ಡಿಗ್ರಿ ತಪ್ಪು ಹೇಳಿದರೆ 8 ಅಡಿ ಗೋಡೆಯಲ್ಲಿ 4 ಸೆಂಟಿಮೀಟರ್ ತಪ್ಪು ಆದಂತೆ. ದಾರ 1 ಸೆಂಟಿಮೀಟರ್ ಸರಿದದ್ದನ್ನೂ ತೋರಿಸುತ್ತದೆ. ಫೋನು ಗೋಡೆಯ ಒಂದು ಗೇಣು ಜಾಗವನ್ನು ಮಾತ್ರ ಮುಟ್ಟುತ್ತದೆ. ದಾರ ಇಡೀ ಗೋಡೆಯನ್ನು ನೋಡುತ್ತದೆ.

ಗುಡ್ಡಕ್ಕೆ, ಗೋಪುರಕ್ಕೆ, ಚಂದ್ರನಿಗೆ

ವಾಲುವುದನ್ನು ಅಳೆಯುವ ಸೆನ್ಸರುಗಳು ಮನೆಗಿಂತ ದೊಡ್ಡ ಕೆಲಸಗಳನ್ನೂ ಮಾಡುತ್ತವೆ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದವು. 2024ರ ಜುಲೈ 16ರಂದು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ಜನ ಸತ್ತರು. ಗುಡ್ಡ ಜಾರುವ ಮೊದಲು ಕೆಲವು ಕಡೆ ಮಣ್ಣು ಸ್ವಲ್ಪ ಸ್ವಲ್ಪ ಸರಿಯುತ್ತದೆ. ಇಂಥ ಕಡೆ ನೆಲದಲ್ಲಿ ಸೆನ್ಸರುಗಳನ್ನು ಹೂಳಿಟ್ಟರೆ ಅವು ಓರೆಯಾದ ಕೂಡಲೇ ಸುದ್ದಿ ಕಳಿಸುತ್ತವೆ. ಕೇರಳದ ಮುನ್ನಾರಿನಲ್ಲಿ ಅಮೃತ ವಿಶ್ವವಿದ್ಯಾಲಯದವರು ಇಂಥ ಸೆನ್ಸರುಗಳನ್ನು ಇಟ್ಟಿದ್ದಾರೆ. ಹಿಮಾಚಲ ಪ್ರದೇಶದ ಮಂಡಿಯಲ್ಲಿರುವ ಐಐಟಿಯವರು ಕಡಿಮೆ ಖರ್ಚಿನ ಸಾಧನ ಮಾಡಿದ್ದಾರೆ. ಮಳೆ ಎಷ್ಟು ಬಿತ್ತು, ಮಣ್ಣು ಎಷ್ಟು ನೆನೆಯಿತು ಎನ್ನುವುದನ್ನೂ ಜೊತೆಗೆ ಅಳೆಯುತ್ತಾರೆ.

ಬಹಳ ದೂರದ ಇಟಲಿ ದೇಶದಲ್ಲಿ ಪೀಸಾ ಎಂಬ ಊರಿದೆ. ಅಲ್ಲೊಂದು ವಾಲಿದ ಗೋಪುರ ಇದೆ. ನೂರಾರು ವರ್ಷಗಳಿಂದ ಅದು ವಾಲಿಯೇ ನಿಂತಿದೆ. ವಾಲು ಹೆಚ್ಚುತ್ತಿದೆ ಎಂದು ಅಳತೆಯಿಂದ ತಿಳಿದಾಗ 1990ರಲ್ಲಿ ಜನರನ್ನು ಒಳಗೆ ಬಿಡುವುದನ್ನು ನಿಲ್ಲಿಸಿದರು. ಎತ್ತರದ ಬದಿಯ ಬುಡದಿಂದ ಸ್ವಲ್ಪ ಸ್ವಲ್ಪ ಮಣ್ಣು ತೆಗೆದರು. ಗೋಪುರ ಆ ಕಡೆಗೆ ಕುಳಿತು ವಾಲು ಕಡಿಮೆಯಾಯಿತು. ಮೊದಲು ಸುಮಾರು ಐದೂವರೆ ಡಿಗ್ರಿ ಇದ್ದದ್ದು ಸುಮಾರು 4 ಡಿಗ್ರಿಗೆ ಬಂತು. 2001ರಲ್ಲಿ ಮತ್ತೆ ಬಾಗಿಲು ತೆರೆದರು. ಅಳೆಯುತ್ತಾ ಅಳೆಯುತ್ತಾ ಮಾಡಿದ ಕೆಲಸ ಇದು.

ನಮ್ಮ ದೇಶದ ಚಂದ್ರಯಾನ-3 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿಯಿತು. ಇಳಿದ ವಿಕ್ರಮ್ ಯಂತ್ರದಲ್ಲಿ ಓರೆಯನ್ನು ಅಳೆಯುವ ಸೆನ್ಸರ್ ಇತ್ತು. ಇಳಿಜಾರಿನಲ್ಲಿ ಇಳಿದರೆ ಯಂತ್ರ ಮಗುಚಿ ಬೀಳುವ ಭಯ ಇರುತ್ತದೆ. ಆ ಕೆಲಸದ ಸಹ ಯೋಜನಾ ನಿರ್ದೇಶಕಿ ಒಬ್ಬ ಹೆಣ್ಣುಮಗಳು, ಕೆ. ಕಲ್ಪನಾ. ಗೌಂಡಿಯ ಗುಂಡಿಗೆ ಭೂಮಿಯ ಸೆಳೆತ ಸಾಕ್ಷಿ. ಅಲ್ಲಿ ಚಂದ್ರನ ಸೆಳೆತ ಸಾಕ್ಷಿ.

ವಾಲಿದ್ದು ಕಂಡರೆ ಏನು ಮಾಡಬೇಕು?

2021ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕಮಲಾನಗರದಲ್ಲಿ ಹಲವು ಮಹಡಿಯ ಒಂದು ಕಟ್ಟಡ ವಾಲಿತು. ಜನರನ್ನು ಕೂಡಲೇ ಹೊರಗೆ ಕಳಿಸಿದರು. ಆಮೇಲೆ ಕಟ್ಟಡವನ್ನು ಕೆಡವಿದರು. ಮನೆ ಹೋಯಿತು, ಜೀವ ಉಳಿಯಿತು.

ಆದರೆ ಎಲ್ಲ ಕಟ್ಟಡಗಳೂ ವಾಲಿ ಸೂಚನೆ ಕೊಡುತ್ತವೆ ಎಂದು ತಿಳಿಯಬಾರದು. ಕೆಲವು ನಿಂತಲ್ಲೇ ಕುಸಿಯುತ್ತವೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಆದ್ದರಿಂದ ದಾರದ ಅಳತೆ ಸರಿ ಇದೆ ಎಂದು ಉಳಿದ ಗುರುತುಗಳನ್ನು ಅಲಕ್ಷ್ಯ ಮಾಡಬೇಡಿ.

ಈ ಗುರುತುಗಳನ್ನು ನೆನಪಿಡಿ:

* ಗೋಡೆಯಲ್ಲಿ ಹೊಸ ಬಿರುಕು, ಅಥವಾ ಹಳೆ ಬಿರುಕು ಅಗಲವಾಗುವುದು
* ಸಲೀಸಾಗಿ ಹಾಕುತ್ತಿದ್ದ ಬಾಗಿಲು ಈಗ ಬಿಗಿಯಾಗುವುದು
* ಗೋಡೆಯಿಂದ ಮಣ್ಣು ಉದುರುವುದು
* ಗೋಡೆಗೆ ಹೊಟ್ಟೆ ಬರುವುದು
* ಬುಡದ ಮಣ್ಣು ಕೆಸರಾಗುವುದು

ಇವುಗಳಲ್ಲಿ ಯಾವುದು ಕಂಡರೂ, ದಾರದ ಅಳತೆ ಬದಲಾಗುತ್ತಿದ್ದರೂ, ಹೀಗೆ ಮಾಡಿ:

ಮೊದಲು ಮಕ್ಕಳು, ಮುದುಕರು, ದನಕರು ದೂರ ಹೋಗಲಿ. ಗೋಡೆಯ ಎರಡೂ ಬದಿಗೆ ಯಾರೂ ಮಲಗಬಾರದು. ನೆರೆಮನೆಯವರಿಗೂ ಹೇಳಿ. ಗೋಡೆ ಅವರ ಕಡೆಗೂ ಬೀಳಬಹುದು. ಗ್ರಾಮ ಪಂಚಾಯತಿಗೆ ತಿಳಿಸಿ. ಅನುಭವಿ ಗೌಂಡಿಯನ್ನು ಕರೆಸಿ. ಆಸರೆ ಕೊಡುವ ಕೆಲಸ ಅವರಿಗೇ ಬಿಡಿ. ಅಪಾಯ ಹತ್ತಿರ ಬಂದಿದ್ದರೆ 112ಕ್ಕೆ ಫೋನ್ ಮಾಡಿ.

ಒಂದು ಎಚ್ಚರಿಕೆ. ಬಿರುಕು ಬಿಟ್ಟು ಬಾಗಿದ ಗೋಡೆಯ ಹತ್ತಿರ, ಸುರಿಯುವ ಮಳೆಯಲ್ಲಿ ಅಳೆಯಲು ಹೋಗಬೇಡಿ. ಆಗ ಅಳೆಯುವ ಹೊತ್ತಲ್ಲ, ಹೊರಗೆ ಬರುವ ಹೊತ್ತು.

ಬರೆದಿಟ್ಟರೆ ಏನು ಲಾಭ?

"ಗ್ವಾಡಿ ಬೀಳೂ ಹಂಗ ಐತ್ರಿ" ಎಂದು ಬಾಯಿಂದ ಹೇಳಿದರೆ ಕೇಳುವವರು "ನೋಡೋಣ ಬಿಡವ್ವಾ" ಎನ್ನಬಹುದು. ತಾರೀಖು, ಅಳತೆ ಬರೆದ ಹಾಳೆಯನ್ನು ಮುಂದಿಟ್ಟರೆ ಹಾಗೆ ಹೇಳುವುದು ಅಷ್ಟು ಸುಲಭವಲ್ಲ. ಜೂನ್ 1ಕ್ಕೆ 21, ಜುಲೈ 8ಕ್ಕೆ 24. ಅದನ್ನು ಯಾರಾದರೂ ಓದಬಹುದು, ಯಾರಾದರೂ ಮತ್ತೆ ಅಳೆದು ನೋಡಬಹುದು. ಮನೆಯ ಗಂಡಸರೂ ಒಪ್ಪುತ್ತಾರೆ, ಗೌಂಡಿಯೂ ಒಪ್ಪುತ್ತಾನೆ. ನಾಲ್ಕು ಸಾಲಿನ ಆ ಲೆಕ್ಕ ಬರೆಯಲು ನಿಮಗೆ ಈಗ ಬರುತ್ತದೆ.

ಹೊಸ ಪದಗಳು

ಗುರುತ್ವಾಕರ್ಷಣೆ: ಭೂಮಿ ವಸ್ತುಗಳನ್ನು ತನ್ನ ಕಡೆಗೆ ಎಳೆಯುವುದು
ಬುನಾದಿ: ಗೋಡೆಯ ಅಡಿಪಾಯ
ಸೆನ್ಸರ್: ಅರಿತು ತಿಳಿಸುವ ಸಾಧನ
ಡಿಗ್ರಿ: ಓರೆಯನ್ನು ಅಳೆಯುವ ಲೆಕ್ಕ

ಉತ್ತರ ಹೇಳಿ

1. ಮನೆ ವಾಲಿದರೂ ತೂಗುವ ದಾರ ಯಾಕೆ ವಾಲುವುದಿಲ್ಲ?
2. ಮೇಲೆ 20, ಕೆಳಗೆ 18 ಬಂದರೆ ಗೋಡೆ ಯಾವ ಕಡೆಗೆ ಬಾಗಿದೆ?
3. ಎರಡು ಗೋಡೆಗಳಿವೆ. ಒಂದರ ಕೆಳಗಿನ ಅಳತೆ ಮೂರು ತಿಂಗಳಿಂದ 23 ಇದೆ. ಇನ್ನೊಂದರದು ಹೋದ ವಾರ 20 ಇತ್ತು, ಈ ವಾರ 22 ಆಗಿದೆ. ಯಾವುದಕ್ಕೆ ಹೆಚ್ಚು ಹೆದರಬೇಕು? ಯಾಕೆ?

ಮಾಡಿ ನೋಡಿ

ನಿಮ್ಮ ಮನೆಯ ಒಂದು ಗೋಡೆಗೆ ದಾರ ಇಳಿಬಿಡಿ. ಇವತ್ತಿನ ತಾರೀಖು ಮತ್ತು ಅಳತೆ ಕೆಳಗೆ ಬರೆಯಿರಿ. ಹದಿನೈದು ದಿನಕ್ಕೊಮ್ಮೆ, ಮಳೆ ಹೆಚ್ಚಾದರೆ ಮಳೆ ನಿಂತ ಹೊತ್ತು ನೋಡಿ ವಾರಕ್ಕೊಮ್ಮೆ, ಮತ್ತೆ ಅಳೆದು ಬರೆಯಿರಿ.

ತಾರೀಖು: ................ ಮೇಲೆ: ........ ಕೆಳಗೆ: ........
ತಾರೀಖು: ................ ಮೇಲೆ: ........ ಕೆಳಗೆ: ........
ತಾರೀಖು: ................ ಮೇಲೆ: ........ ಕೆಳಗೆ: ........